ಮುರ್ತುಜಸಾಬ ಮಾಸ್ತರರ ಮನೆಯಲ್ಲಿಟ್ಟ ಪ್ರಸ್ಥಾನ

ಇಳಕಲ್ಲಿನ ನಮ್ಮ ಖಾಸಗಿ ಸಾಲೆಯಲ್ಲಿ ಮುರ್ತುಜಸಾಬರು ಗಣಿತ ಕಲಿಸುತ್ತಿದ್ದರು, ನಾನು ಕನ್ನಡ. ಹೈಸ್ಕೂಲು, ಪಿಯುಸಿ ಎರಡೂ ಒಂದೇ ಕಟ್ಟಡದಲ್ಲಿದ್ದವು. ಮಕ್ಕಳು ಮುಂದೆ ಯಾವ ಕಾಲೇಜಿಗೆ ಹೋಗಬೇಕೆಂದು ಹೇಳುವ ಕೆಲಸವನ್ನು ಆಡಳಿತ ಮಂಡಳಿಯೇನೂ ಅವರಿಗೆ ಒಪ್ಪಿಸಿರಲಿಲ್ಲ. ಆದರೂ ಪಿಯುಸಿ ರಿಸಲ್ಟು ಬಂತೆಂದರೆ ಊರಿನ ಅಪ್ಪಂದಿರೆಲ್ಲ ಮಕ್ಕಳನ್ನು ಕರೆದುಕೊಂಡು ಅವರ ಮನೆಯ ಕಟ್ಟೆಗೇ ಬರುತ್ತಿದ್ದರು. ನನ್ನ ಕಟ್ಟೆಗೆ ಒಬ್ಬನೂ ಬರುತ್ತಿರಲಿಲ್ಲ. ಕನ್ನಡ ಮಾಸ್ತರನ ಮಾತು ಕೇಳಿದರೆ ಮಗನೂ ಕನ್ನಡ ಮಾಸ್ತರನೇ ಆಗಿಬಿಟ್ಟಾನು ಎಂಬ ಹೆದರಿಕೆ ಅವರಿಗೆ.

ಮುರ್ತುಜಸಾಬರು ಮೊದಲು ಮಾರ್ಕ್ಸು ಕೇಳುವವರಲ್ಲ. "ಯಾರೂ ಹೇಳದಿದ್ರೂ ಮನ್ಯಾಗ ನೀ ಏನ್ ಮಾಡ್ತಿ?" ಎಂದು ಕೇಳುವರು. ನಡುವೆ ಅಪ್ಪ ಬಾಯಿ ಹಾಕಿದರೆ ಅವರಿಗೆ ಸಿಟ್ಟು ನೆತ್ತಿಗೇರುತ್ತಿತ್ತು. ನಮ್ಮ ಆಡಳಿತ ಮಂಡಳಿಯವರೇ ಆದ ಬಟ್ಟೆ ಅಂಗಡಿಯ ಕಾಶಪ್ಪನವರು ಒಮ್ಮೆ ಬಂದು, "ನಮ್ಮ ಹುಡುಗ ಇಂಜಿನಿಯರ್ ಆಗಬೇಕ್ರಿ, ಬಾಗಲಕೋಟ್ಯಾಗ ಸೀಟು ಸಿಗೂ ದಾರಿ ಹೇಳ್ರಿ" ಎಂದರು. ಹುಡುಗ ನೆಲ ನೋಡುತ್ತ ನಿಂತಿದ್ದ.

"ಇಂಜಿನಿಯರ್ ಆಗೂ ಆಶಾ ಇರೂದು ನಿಮಗ, ಸಾವಕಾರ್ರ. ನೀವಽ ಅರ್ಜಿ ಹಾಕ್ರಿ" ಎಂದುಬಿಟ್ಟರು ಮಾಸ್ತರರು. ಇವರ ನೌಕರಿ ಹೋಯಿತೆಂದೇ ನಾನು ತಿಳಿದೆ. ಹೋಗಲಿಲ್ಲ, ಹುಡುಗ ಬಿ.ಕಾಂ. ಸೇರಿ ಈಗ ಅಂಗಡಿಯನ್ನು ಅಪ್ಪನಿಗಿಂತ ಚೆನ್ನಾಗಿ ನಡೆಸುತ್ತಾನೆ.

ಎಂಬತ್ತೊಂದರಲ್ಲಿ ಆ ಕಟ್ಟೆಗೆ ಸಂಗವ್ವ ಬಂದಳು, ನಮ್ಮ ಓಣಿಯಲ್ಲೇ ಮಗ್ಗ ನೇಯುವ ಅಮಾತೆಪ್ಪನ ಮಗಳು. ಜಾಣೆ. ಶಿಕ್ಷಕಿಯರ ತರಬೇತಿಗೆ ಕಳಿಸಿದರೆ ಸಾಕೆಂದು ಮನೆಯಲ್ಲಿ ಮಾತಾಗಿತ್ತು. ಮಾಸ್ತರರು ತಮ್ಮ ಮಾಮೂಲು ಪ್ರಶ್ನೆ ಕೇಳಿದರು.

"ಹಿತ್ತಲದಾಗ ಉಳ್ಳಾಗಡ್ಡಿ ಹಚ್ಚೇನ್ರಿ ಸರ. ಒಂದು ಸಾಲಿಗೆ ಬೂದಿ ಹಾಕೇನಿ, ಇನ್ನೊಂದಕ್ಕ ಹಾಕಿಲ್ಲ. ಯಾವುದು ದಪ್ಪ ಬರ್ತೈತಿ ನೋಡಬೇಕಂತ."

ಮಾಸ್ತರರು ಎದ್ದು ಅವಳ ಹಿತ್ತಲಿಗೇ ಹೋಗಿ ಬಗ್ಗಿ ನೋಡಿದರು. ಬಂದವರು, "ಈಕಿ ಧಾರವಾಡದ ಕೃಷಿ ಕಾಲೇಜಿಗೆ ಹೋಗ್ಲಿ" ಎಂದರು. ನಾನು ನಕ್ಕೆ. ಆ ಸೀಟಿಗೆ ದೊಡ್ಡ ಜಮೀನುದಾರರ ಮಕ್ಕಳೇ ಸಾಲುಗಟ್ಟಿ ನಿಲ್ಲುತ್ತಿದ್ದರು. ಇವಳಿಗಿದ್ದದ್ದು ಅಂಗೈಯಗಲದ ಹಿತ್ತಲು. ಆದರೂ ಅರ್ಜಿ ಹೋಯಿತು, ಒಂದು ಸೋಮವಾರ ಕರೆಯೂ ಬಂತು. ಗುರುವಾರ ಬೆಳಿಗ್ಗೆ ಧಾರವಾಡದಲ್ಲಿ ಸಂದರ್ಶನ. ಹೆಸರು ಕೂಗಿದಾಗ ಇಲ್ಲದಿದ್ದರೆ ಸೀಟು ಮುಂದಿನವರ ಪಾಲು.

ಬುಧವಾರ ಹೊರಡಬೇಕು. ಬುಧವಾರ ಮಣ್ಣೆತ್ತಿನ ಅಮಾಸಿ.

ಆ ಮನೆಯಲ್ಲಿ ಮಾತು ನಡೆಯುವುದು ಅಮಾತೆಪ್ಪನ ತಾಯಿ ಗುರುಲಿಂಗವ್ವನದು. ಕೂಡಲಸಂಗಮಕ್ಕೆ ನಡೆದುಕೊಳ್ಳುವ ಮನೆತನ. ಶರಣರಿಗೆ ಒಳ್ಳೆಯ ದಿನ, ಕೆಟ್ಟ ದಿನ ಎಂಬುದಿಲ್ಲವೆಂದು ಮಠದಲ್ಲಿ ಸ್ವಾಮಿಗಳು ಹೇಳಿದಾಗ ಮೊದಲು ತಲೆದೂಗುವವಳು ಆಕೆಯೇ. ಅದು ಮಠದ ಮಾತಾಯಿತು. ಮನೆಯಲ್ಲಿ ಮಾತ್ರ ಅಮಾಸಿಯ ದಿನ ಯಾರೂ ಊರಿಗೆ ಹೊರಡುವಂತಿರಲಿಲ್ಲ. ಹಾಗಾದರೆ ಮಂಗಳವಾರವೇ ಕಳಿಸಿ ಎಂದೆ. "ಮಂಗಳವಾರ ಮನಿ ಹೆಣ್ಣಮಕ್ಕಳನ್ನ ಹೊರಗ ಕಳಸ್ತಾರೇನ್ರಿ?" ಎಂದು ನನ್ನ ಬುದ್ಧಿಗೇ ಮರುಗಿದಳು. ಸಂಗವ್ವ ಮೂಲೆಯಲ್ಲಿ ಕೂತು ಅಳುತ್ತಿದ್ದಳು. ನನಗೆ ಮೈಯೆಲ್ಲ ಉರಿಯಿತು.

ಮುರ್ತುಜಸಾಬರು ವಾದ ಮಾಡಲಿಲ್ಲ. "ಅಜ್ಜಿ, ಇವತ್ತು ಸೋಮವಾರ, ದಿನಾ ಚಲೋ ಐತಿ. ನಮ್ಮನ್ಯಾಗ ಪ್ರಸ್ಥಾನ ಇಡ್ರಿ" ಎಂದರು.

ಪ್ರಸ್ಥಾನವೆಂದರೆ ನಮ್ಮ ಹಿರಿಯರು ಇಂಥ ಇಕ್ಕಟ್ಟಿಗೆಂದೇ ಮಾಡಿಟ್ಟ ಉಪಾಯ. ಒಳ್ಳೆಯ ದಿನ ನೋಡಿ ಒಂದು ಗಂಟು ಕಟ್ಟಿ ಬೇರೆಯವರ ಮನೆಯಲ್ಲಿಟ್ಟರೆ ಪ್ರಯಾಣ ಅಂದೇ ಹೊರಟಂತೆ. ಆಮೇಲೆ ಯಾವ ದಿನವಾದರೂ ಆ ಗಂಟನ್ನು ಎತ್ತಿಕೊಂಡು ನಡೆಯಬಹುದು. ಗಂಟು ಮಾತ್ರ ಮನೆಗೆ ಮರಳಬಾರದು, ಹೋಗುವವರ ಜೊತೆಗೇ ಹೋಗಬೇಕು. ಗುರುಲಿಂಗವ್ವನ ಮುಖ ಅರಳಿತು. ಅಕ್ಕಿ, ಬೆಲ್ಲ, ಅಡಿಕೆ, ಒಂದು ಗುಳೇದಗುಡ್ಡದ ಖಣ ಹಾಕಿ ಗಂಟು ಕಟ್ಟಿಕೊಟ್ಟಳು. ಮಾಸ್ತರರು ಒಯ್ದು ತಮ್ಮ ಮನೆಯ ಗೂಡಿನಲ್ಲಿಟ್ಟರು. ನಾವೆಲ್ಲ ನೆಮ್ಮದಿಯಾಗಿ ಮಲಗಿದೆವು.

ಬುಧವಾರ ಬೆಳಗಾಗುತ್ತಲೇ ಸಂಗವ್ವ, ಅಮಾತೆಪ್ಪ, ಅಜ್ಜಿ ಮಾಸ್ತರರ ಮನೆಗೆ ಬಂದರು. ಬಸ್‌ಸ್ಟ್ಯಾಂಡಿನವರೆಗೆ ಕಳಿಸಿ ಬರಲು ನಾನೂ ಹೋಗಿದ್ದೆ. ಮಾಸ್ತರರು ಗೂಡಿಗೆ ಕೈ ಹಾಕಿದರು. ಗಂಟಿಲ್ಲ.

"ಅದಾ? ಅದನ್ನ ನಿನ್ನೆನಽ ಬೆಲ್ಲದನ್ನ ಮಾಡೀನಲ್ಲ!" ಎಂದರು ಒಳಗಿನಿಂದ ಬಂದ ಅವರ ಹೆಂಡತಿ ಮೌಲಾಬಿ.

ಸೋಮವಾರ ಆಕೆ ಹುನಗುಂದದ ತವರಿನಲ್ಲಿದ್ದರು, ಮಂಗಳವಾರ ಬೆಳಿಗ್ಗೆ ಮರಳಿದ್ದರು. ಊರ ಮಕ್ಕಳ ಚಿಂತೆಯಲ್ಲಿ ಮುಳುಗಿದ ಮಾಸ್ತರರು ಹೆಂಡತಿಗೆ ಗಂಟಿನ ಸುದ್ದಿಯನ್ನೇ ಹೇಳಿರಲಿಲ್ಲ. ಹಬ್ಬ ಹುಣ್ಣಿಮೆಗೆ ಗುರುಲಿಂಗವ್ವನ ಮನೆಯಿಂದ ಅಕ್ಕಿ, ಬೆಲ್ಲ, ಖಣ ಬರುವುದು ವರ್ಷಗಳ ರೂಢಿ. ಸಂಗವ್ವನಿಗೆ ಸೀಟು ಸಿಕ್ಕೇಬಿಟ್ಟಿದೆ, ಆ ಖುಷಿಗೆ ಕಳಿಸಿದ್ದಾರೆಂದು ಮೌಲಾಬಿ ತಿಳಿದಿದ್ದರು. ಖಣ ಆಗಲೇ ದರ್ಜಿಯ ಅಂಗಡಿ ಸೇರಿತ್ತು.

ಗುರುಲಿಂಗವ್ವ ಅಲ್ಲೇ ಕೂತುಬಿಟ್ಟಳು. "ಪ್ರಸ್ಥಾನ ಮುರೀತು. ಇನ್ನ ಆಕಿನ್ನ ಕಳಸೂದಿಲ್ಲ."

ಆರರ ಬಸ್ಸಿಗೆ ಹೊತ್ತಾಗುತ್ತಿತ್ತು. ಅಮಾತೆಪ್ಪ ತಾಯಿಯ ಮುಖ ನೋಡಿದ, ಮಗಳ ಮುಖ ನೋಡಿದ. ಇನ್ನೊಂದು ಗಂಟು ಕಟ್ಟಿದರಾಯಿತೆಂದು ನಾನು ಶುರುಮಾಡಿದೆ. ಅಮಾಸಿಯ ದಿನ ಕಟ್ಟಿದ ಗಂಟಿಗೆ ಏನು ಬೆಲೆಯೆಂದು ಅಜ್ಜಿ ಬಾಯಿ ಮುಚ್ಚಿಸಿದಳು. ಊರಿಗೆಲ್ಲ ದಾರಿ ತೋರಿಸಿದ ಮುರ್ತುಜಸಾಬರು ಖಾಲಿ ಗೂಡಿನೊಳಗೆ ಮತ್ತೆ ಮತ್ತೆ ಕೈಯಾಡಿಸುತ್ತಿದ್ದರು.

ಮೌಲಾಬಿ ಅಜ್ಜಿಯ ಮುಂದೆ ಬಂದು ಕೂತರು. "ಯವ್ವಾ, ಗಂಟು ನಿಮ್ಮ ಮನಿಗೆ ತಿರುಗಿ ಬಂದೈತೇನು?"

"ಇಲ್ಲ."

"ಮತ್ತ ಮುರೀತು ಅಂತ ಹೆಂಗಂತೀರಿ? ಅದು ನನ್ನ ಹೊಟ್ಟ್ಯಾಗ ಐತಿ. ಹೋಗವರ ಜೋಡಿ ಹೋಗಬೇಕು, ಹೌದಲ್ರಿ? ನಾನಽ ಹೋಗ್ತೇನಿ."

ಹುನಗುಂದದ ತವರು ಬಿಟ್ಟು ಆಚೆಗೆ ಒಂದು ಊರನ್ನೂ ಕಾಣದ ಹೆಂಗಸು! ಮಾಸ್ತರರು ಏನೋ ಹೇಳಹೋದರು. "ನೀವು ಸುಮ್ಮಕಿರ್ರಿ, ಹೇಳೂದನ್ನ ನಿನ್ನೆ ಹೇಳಬೇಕಿತ್ತು" ಎಂದು ಆಕೆ ಬುರ್ಖಾ ತಂದು ಹಾಕಿಕೊಂಡೇಬಿಟ್ಟರು.

ಗುರುಲಿಂಗವ್ವ ನೆಲಕ್ಕೆ ಕೈಯೂರಿ ಎದ್ದಳು. "ಹೊಟ್ಟ್ಯಾಗ ಇದ್ರೂ ಅದು ನನ್ನ ಗಂಟಽ. ನಡೀರಿ ಲಗೂನ" ಎಂದಳು. ನಾವು ಓಡಿದೆವು, ಮೌಲಾಬಿಯೂ ಓಡಿದರು. ಕಂಡಕ್ಟರನು ಬಾಗಿಲು ಹಾಕುವಷ್ಟರಲ್ಲಿ ಅಪ್ಪ, ಮಗಳು, ಮೌಲಾಬಿ ಮೂವರನ್ನೂ ಒಳಗೆ ತಳ್ಳಿದೆವು.

ಆಮೇಲೆ ಎರಡು ದಿನ ಮಾಸ್ತರರು ತರಗತಿಯಲ್ಲಿ ಮಾಡಿದ ಲೆಕ್ಕವನ್ನೇ ಮತ್ತೆ ಮಾಡಿದರು. ಗುರುಲಿಂಗವ್ವ ಧಾರವಾಡದ ಬಸ್ಸು ಬರುವ ಹೊತ್ತನ್ನು ಕಂಡವರನ್ನೆಲ್ಲ ಕೇಳುತ್ತ ತಿರುಗಿದಳು. ಶುಕ್ರವಾರ ಮಧ್ಯಾಹ್ನ ಬಸ್ಸಿನಿಂದ ಮೊದಲು ಇಳಿದವರು ಮೌಲಾಬಿ. ನಾವು ಕೇಳುವ ಮೊದಲೇ, "ಸಿಕ್ತ್ರಿ ಸೀಟು! ಬೋರ್ಡಿನ ಮ್ಯಾಲೆ ಹೆಸರು ಹಚ್ಯಾರ. ಪೂರಾ ಓದಿಸಿಕೊಂಡು ಬಂದೀನಿ" ಎಂದು ಕೂಗಿದರು. ಮುರ್ತುಜಸಾಬರು ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಕಣ್ಣೊರೆಸಿಕೊಂಡರು.

ಗುರುಲಿಂಗವ್ವ ನಗಲಿಲ್ಲ. ಮೊಮ್ಮಗಳ ಎರಡೂ ಕೈ ಹಿಡಿದುಕೊಂಡು ನಿಂತವಳು ಒಮ್ಮೆಲೇ ಅಳತೊಡಗಿದಳು.

"ನಿನ್ನ ಅವತ್ತ ಮನ್ಯಾಗಽ ಕುಂದರಿಸಿಬಿಡ್ತಿದ್ನಲ್ಲ, ನನ್ನವ್ವಾ. ಬಸ್ಸು ಹೋಗಿಬಿಟ್ಟಿದ್ರ?"

"ಹೋಗಲಿಲ್ಲಲ್ಲ ಆಯಿ" ಎಂದಳು ಸಂಗವ್ವ.

"ಹೋಗಿದ್ರ?"

"ಹೋಗಲಿಲ್ಲ" ಎಂದು ಸಂಗವ್ವ ಮತ್ತೆ ಹೇಳಿ, ಅಜ್ಜಿಯನ್ನು ಅಪ್ಪಿಕೊಂಡಳು.