ಅರುಂಧತಮ್ಮನ ದನಿಯಲ್ಲಿ ಮಾತಾಡಿದ್ದು ಯಾರು

ಭಾರತೀನಗರದ ಗ್ರಂಥಾಲಯಕ್ಕೆ ಪೇಪರುಗಳು ಬೆಳಿಗ್ಗೆ ಒಂಬತ್ತೂವರೆಗೆ ಬರುತ್ತವೆ, ಅರುಂಧತಮ್ಮ ಹತ್ತಕ್ಕೆ ಬರುತ್ತಾರೆ. ರಾಜಕೀಯದ ಪುಟ, ಸಿನಿಮಾ ಪುಟ, ಕಬ್ಬಿನ ಸುದ್ದಿ ಯಾರು ಬೇಕಾದರೂ ಮೊದಲು ಓದಿಕೊಳ್ಳಲಿ, ಅವರದೇನೂ ತಕರಾರಿಲ್ಲ. ಮೊಬೈಲು, ಕಂಪ್ಯೂಟರು, ಇಂಟರ್ನೆಟ್ಟಿನ ಸುದ್ದಿ ಇರುವ ಪುಟ ಮಾತ್ರ ಮೊದಲು ಅವರ ಕೈಗೆ ಸಿಗಬೇಕು. ಓದಿ ಮುಗಿಸಿ, ಕನ್ನಡಕ ತೆಗೆದು, ಎದುರಿಗೆ ಕೂತವರಿಗೆ ತಮ್ಮ ಅಭಿಪ್ರಾಯ ಹೇಳುತ್ತಾರೆ. ಎದುರಿಗೆ ಯಾರೂ ಇಲ್ಲದಿದ್ದರೆ ಗ್ರಂಥಪಾಲಕ ಮಹದೇವುಗೆ ಹೇಳುತ್ತಾರೆ. ಮಹದೇವು ಡ್ಯೂಟಿಯಲ್ಲಿರುವ ಮನುಷ್ಯ, ಎದ್ದು ಹೋಗುವಂತಿಲ್ಲ.

ಅಮೆರಿಕದ ಯಾವುದೋ ಕಂಪನಿ ಹನ್ನೆರಡು ಸಾವಿರ ಜನರನ್ನು ಒಂದೇ ಬೆಳಿಗ್ಗೆ ಇಮೇಲ್ ಕಳಿಸಿ ಕೆಲಸದಿಂದ ತೆಗೆಯಿತು ಅಂತ ಓದಿದ ದಿನ ಅವರು, ‘ಸೇರಿಸ್ಕೊಳ್ಳೋವಾಗ ಎದುರಿಗೆ ಕೂರಿಸ್ಕಂಡು ನಾಕು ಸಲ ಮಾತಾಡ್ಸವ್ರೆ, ಕಳಿಸೋವಾಗ ಒಬ್ಬರಿಗೂ ಬಾಯಿ ಬರ್ನಿಲ್ವಾ?’ ಅಂದರು. ಫೋನ್ ಕಂಪನಿಗಳೆಲ್ಲ ಒಂದೇ ವಾರದಲ್ಲಿ ದರ ಏರಿಸಿದಾಗ, ಬಸ್‌ಸ್ಟ್ಯಾಂಡಿನ ಟೀ ಅಂಗಡಿಯವರೂ ಹೀಗೇ ಮಾಡುತ್ತಾರೆ, ಆದರೆ ಅವರು ಅದನ್ನು ‘ಪ್ಲಾನು’ ಅಂತ ಕರೆಯುವುದಿಲ್ಲ ಅಂದರು. ಇನ್ನೊಂದು ಸಲ ಯಾವುದೋ ಆ್ಯಪಿನ ಷರತ್ತುಗಳನ್ನು ಪೂರಾ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿಕೊಂಡು ಬಂದರು. ಮೂವತ್ತೇಳು ಪುಟ. ಮೂರು ದಿನ ಕೂತು ಓದಿದರು. ಹತ್ತೊಂಬತ್ತನೇ ಪುಟ ಯಾರಾದರೂ ಓದಿದ್ದೀರಾ ಅಂತ ಒಂದು ವಾರ ಸಿಕ್ಕಸಿಕ್ಕವರನ್ನೆಲ್ಲ ಕೇಳಿದರು. ಯಾರೂ ಓದಿರಲಿಲ್ಲ. ಮಹದೇವು ಓದಿದ್ದೇನೆ ಅಂತ ಸುಳ್ಳು ಹೇಳಿ ಸಿಕ್ಕಿಬಿದ್ದ.

ಈ ವಿಷಯದಲ್ಲಿ ಮಾತಾಡಲು ತಮಗೆ ಹಕ್ಕಿದೆ ಅಂತ ಅವರ ನಂಬಿಕೆ. ಅಪ್ಪ ನಾಲೆಯ ನೀರು ಬಿಡುವ ನೀರುಗಂಟಿ. ಮಗಳನ್ನು ಹಟ ಹಿಡಿದು ಓದಿಸಿದ. ಎಂಬತ್ಮೂರರಲ್ಲಿ ಅರುಂಧತಿ ಮದ್ದೂರಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿ ಸೇರಿದಾಗ ಅವರ ಕೇರಿಯಲ್ಲಿ ಅದು ಎರಡನೇ ಸರ್ಕಾರಿ ಕೆಲಸ. ಹನ್ನೊಂದು ವರ್ಷ ಬೋರ್ಡಿನ ಮುಂದೆ ಕೂತು, ಕಿವಿಗೆ ಹೆಡ್‌ಸೆಟ್ ಹಾಕಿಕೊಂಡು, ಊರೂರಿನ ಟ್ರಂಕ್ ಕಾಲುಗಳನ್ನು ಒಂದಕ್ಕೊಂದು ಕೂಡಿಸಿದರು. ಯಾರ ಮನೆಯಲ್ಲಿ ಮದುವೆ ಮುರಿಯಿತು, ಯಾರು ಯಾರಿಗೆ ಫೋನಿನಲ್ಲಿ ಅತ್ತರು, ಎಲ್ಲ ಕಿವಿಗೆ ಬೀಳುತ್ತಿತ್ತು. ಅದರಲ್ಲಿ ಒಂದು ಮಾತೂ ಇವತ್ತಿನವರೆಗೆ ಅವರ ಬಾಯಿಂದ ಹೊರಗೆ ಬಂದಿಲ್ಲ. ಗಂಡ ಸಿದ್ದರಾಮು ಮೇಷ್ಟ್ರು ಹೊಸದಾಗಿ ಮದುವೆಯಾದಾಗ ಒಂದೆರಡು ಸಲ ಕೆದಕಿ ನೋಡಿ ಸುಮ್ಮನಾದರು. ಎಕ್ಸ್‌ಚೇಂಜ್ ಆಟೋಮ್ಯಾಟಿಕ್ ಆದ ಮೇಲೆ ಅರುಂಧತಮ್ಮ ಕೌಂಟರಿಗೆ ಬಂದರು. ಸ್ವಯಂನಿವೃತ್ತಿ ಕೊಟ್ಟಾಗ ತೆಗೆದುಕೊಂಡು ಮನೆಗೆ ಬಂದರು.

ಮದ್ದೂರಿನಲ್ಲಿ ರಘುನಂದನ್ ಅಂತ ಒಬ್ಬ. ಮೂವತ್ತರ ವಯಸ್ಸು, ಯೂಟ್ಯೂಬಿನಲ್ಲಿ ಊರ ಸುದ್ದಿಯ ಚಾನೆಲ್ ನಡೆಸುತ್ತಾನೆ. ಯಾವುದೋ ಕೆಲಸಕ್ಕೆ ಗ್ರಂಥಾಲಯಕ್ಕೆ ಬಂದವನು ಅರುಂಧತಮ್ಮನ ಮಾತು ಕೇಳಿ, ವಾರಕ್ಕೊಮ್ಮೆ ಎರಡು ನಿಮಿಷ ರೆಕಾರ್ಡ್ ಮಾಡಿಕೊಳ್ಳಲೇ ಅಂತ ಕೇಳಿದ. ಮಾತಿಗೆ ಕತ್ತರಿ ಹಾಕುವುದಿಲ್ಲ ಅಂದ ಮೇಲೆ ಅವರು ಒಪ್ಪಿದರು. ಫೋಟೋ ಹಾಕಿ, ಕೆಳಗೆ ದನಿ ಮಾತ್ರ ಬರುವಂತೆ ಮಾಡಿದ. ‘ಅರುಂಧತಮ್ಮನ ಮಾತು’ ಅಂತ ಹೆಸರು. ಸಕ್ಕರೆ ಕಾರ್ಖಾನೆಯ ಮುಂದೆ ಕಬ್ಬಿನ ಟ್ರ್ಯಾಕ್ಟರುಗಳು ಸಾಲುಗಟ್ಟಿ ನಿಲ್ಲುತ್ತವಲ್ಲ, ಅಲ್ಲಿ ಕಾಯುವವರಿಗೆ ಕೇಳಲು ಏನಾದರೂ ಬೇಕಿತ್ತು. ಅಲ್ಲಿಂದ ಅದು ಮಳವಳ್ಳಿ, ಮಂಡ್ಯ ಅಂತ ಹರಡಿತು. ಬಸ್ಸಿನಲ್ಲಿ ಅರುಂಧತಮ್ಮ ಟಿಕೆಟ್ ಕೇಳಿದರೆ ಮುಂದಿನ ಸೀಟಿನವರು ತಿರುಗಿ ನೋಡುವಷ್ಟಾಯಿತು.

ಹೋದ ವರ್ಷ ಅವರು ಮಂಡ್ಯದಲ್ಲಿ ಕಣ್ಣಿನ ಪೊರೆ ತೆಗೆಸಿದರು. ಹದಿನೈದು ದಿನ ಪೇಪರ್ ಓದುವಂತಿಲ್ಲ, ಫೋನ್ ನೋಡುವಂತಿಲ್ಲ ಅಂದಿದ್ದರು ಡಾಕ್ಟರು. ಓದದೆ ಮಾತಾಡುವುದು ಹೇಗೆ ಅಂತ ರಘುನಂದನ್‌ಗೆ ರಜೆ ಹೇಳಿ, ಕಪ್ಪು ಕನ್ನಡಕ ಹಾಕಿಕೊಂಡು ಹಜಾರದಲ್ಲಿ ಕೂತರು.

ಒಂಬತ್ತನೇ ದಿನ ಮೇಷ್ಟ್ರು ಫೋನು ಕೆಳಗಿಟ್ಟು, ‘ಇವತ್ತಿಂದು ಚೆನ್ನಾಗಿ ಮಾತಾಡಿದ್ದೀಯ’ ಅಂದರು.

‘ನಾನೆಲ್ಲಿ ಮಾತಾಡ್ದೆ?’

‘ಪರೀಕ್ಷೆ ದಿನ ಇಂಟರ್ನೆಟ್ ಬಂದ್ ಮಾಡೋದರ ಬಗ್ಗೆ.’

ಅರುಂಧತಮ್ಮ ಇನ್ನೊಂದು ಸಲ ಹಾಕಿ ಅಂದರು. ಉತ್ತರದ ಯಾವುದೋ ರಾಜ್ಯದಲ್ಲಿ, ನಕಲು ಹೊಡೆಯುತ್ತಾರೆ ಅಂತ ಪರೀಕ್ಷೆಯ ದಿನ ಜಿಲ್ಲೆಗಟ್ಟಲೆ ಇಂಟರ್ನೆಟ್ ನಿಲ್ಲಿಸಿದ ಸುದ್ದಿ. ಅವರದೇ ದನಿ ಅದನ್ನು ಒಳ್ಳೆಯ ಕ್ರಮ ಅಂತ ಹೊಗಳುತ್ತಿತ್ತು. ‘ಅಲ್ವಾ ಮತ್ತೆ’ ಅಂತ ಅವರು ಹೇಳುವ ಹಾಗೇ ಹೇಳುತ್ತಿತ್ತು. ಅರುಂಧತಮ್ಮ ಎರಡು ಸಲ ಕೇಳಿದರು.

‘ಉಸುರೇ ತಕ್ಕಳ್ದಂಗೆ ಮಾತಾಡ್ತಾಳೆ ಇವಳು’ ಅಂದರು. ಆಮೇಲೆ, ‘ಒಬ್ಬ ಕದ್ದು ನೀರು ಕಟ್ಕಂಡ ಅಂತ ನಮ್ಮಪ್ಪ ಇಡೀ ನಾಲೆ ನಿಲ್ಲಿಸ್ತಿರ್ನಿಲ್ಲ. ಇದು ನನ್ನ ಮಾತಲ್ಲ’ ಅಂದರು.

ಮೇಷ್ಟ್ರಿಗೆ ಗಾಬರಿಯಾಯಿತು. ಮೂವತ್ತೆಂಟು ವರ್ಷ ಸಂಸಾರ ಮಾಡಿದವರು, ಮುಂಚೆಯೇ ರೆಕಾರ್ಡ್ ಮಾಡಿಟ್ಟವಿರಬೇಕು ಅಂದುಕೊಂಡು, ವಾರಕ್ಕೊಂದು ಬರುವ ಕಡೆ ಆ ವಾರ ನಾಲ್ಕು ಬಂದರೂ ಗುರುತು ಸಿಗದೆ ಕೇಳಿದ್ದರು. ಮೊದಲಿನ ಮೂರೂ ಚೆನ್ನಾಗಿಯೇ ಇದ್ದವು ಅಂತ ಅವರಿಗೆ ಅನ್ನಿಸಿತ್ತು. ಅದನ್ನು ಅವರು ಹೇಳಲಿಲ್ಲ.

ಮಾರನೇ ದಿನ ಇಬ್ಬರೂ ಬಸ್ಸು ಹತ್ತಿ ಮದ್ದೂರಿಗೆ ಹೋದರು. ರಘುನಂದನ್ ಎದ್ದು ನಿಂತು ಕುರ್ಚಿ ಹಾಕಿದ, ಮದ್ದೂರು ವಡೆ ತರಿಸಿದ. ಕೆಟ್ಟ ಹುಡುಗನಲ್ಲ. ನಿಮಗೆ ಕಣ್ಣಿನ ತೊಂದರೆ ಇರುವಾಗ ಆಯಾಸ ಕೊಡಬಾರದು, ವಾರ ತಪ್ಪಿದರೆ ಜನ ಚಾನೆಲ್ ಮರೆಯುತ್ತಾರೆ, ಅದಕ್ಕೇ ಎಐನಲ್ಲಿ ಮಾಡಿದೆ ಅಂತ ವಿವರಿಸಿದ. ದನಿ ಮಾಡಲು ಅವರ ಹನ್ನೊಂದು ನಿಮಿಷದ ರೆಕಾರ್ಡಿಂಗು ಸಾಕಾಯಿತಂತೆ. ಹನ್ನೊಂದು ವರ್ಷ ಬೋರ್ಡಿನ ಮುಂದೆ ಕೂತವರು ಅದನ್ನು ಕೇಳಿಸಿಕೊಂಡರು. ಮಾತು ಬರೆದವರು ಯಾರು ಅಂತ ಕೇಳಿದರು. ಅದನ್ನೂ ಮಿಷನ್ನೇ ಬರೆಯಿತಂತೆ. ಹಳೇ ಮಾತೆಲ್ಲ ಅದಕ್ಕೆ ಓದಿಸಿದ್ದಕ್ಕೆ, ಅಮ್ಮನ ಅಭಿಪ್ರಾಯ ಹೀಗಿರಬಹುದು ಅಂತ ಅಂದಾಜು ಮಾಡಿತಂತೆ.

‘ನಾನೇನು ಯೇಳ್ತೀನಿ ಅಂತ ಪೇಪರ್ ಓದೋಗಂಟ ನಂಗೇ ಗೊತ್ತಿರಾಕಿಲ್ಲ ಕಣಪ್ಪ’ ಅಂದರು ಅರುಂಧತಮ್ಮ.

ರಘುನಂದನ್ ತಲೆ ಕೆರೆದುಕೊಂಡ. ಬೇಜಾರು ಮಾಡಿಕೊಳ್ಳಬಾರದು ಅಂತ ಶುರುಮಾಡಿ, ಈ ಎಐನವೇ ಜಾಸ್ತಿ ಓಡುತ್ತಿವೆ, ನಿಮ್ಮವಕ್ಕಿಂತ ಮೂರು ಪಟ್ಟು ಜನ ನೋಡಿದ್ದಾರೆ ಅಂದ. ಪರೀಕ್ಷೆಯದೊಂದನ್ನು ತೆಗೆಯುತ್ತೇನೆ, ಉಳಿದವು ಇರಲಿ ಅಂತ ಕೈಮುಗಿದ.

ವಾಪಸು ಬರುವಾಗ ಅರುಂಧತಮ್ಮ ಬಸ್ಸಿನ ಕಿಟಕಿಗೆ ತಲೆ ಒರಗಿಸಿ ಕೂತರು. ಮೇಷ್ಟ್ರು ಕಣ್ಣು ನೋಯುತ್ತಿದೆ ಅಂದುಕೊಂಡರು. ಅರುಂಧತಮ್ಮನಿಗೆ ನೆನಪಾಗಿದ್ದು ಎಂಬತ್ತೇಳರ ಒಂದು ಮಧ್ಯಾಹ್ನ. ಮಳವಳ್ಳಿ ಕಡೆಯ ಅಕ್ಕಿ ಗಿರಣಿಯ ಮಾಲೀಕರಾದ ಗೌಡರೊಬ್ಬರು ದಿನಾ ಟ್ರಂಕ್ ಕಾಲ್ ಬುಕ್ ಮಾಡುತ್ತಿದ್ದರು. ಎಷ್ಟು ಮರ್ಯಾದೆಯ ದನಿಯಮ್ಮ ನಿಂದು, ಯಾವ ಮನೆ ಮಗಳೋ ಏನೋ ಅನ್ನುತ್ತಿದ್ದರು. ಒಂದು ದಿನ ನೋಡಿಯೇ ಹೋಗುತ್ತೇನೆಂದು ಒಂದು ಪೆಟ್ಟಿಗೆ ಅಚ್ಚುಬೆಲ್ಲ ಹಿಡಿದು ಎಕ್ಸ್‌ಚೇಂಜಿಗೆ ಬಂದರು. ಯಾವೂರು ಅಂದರು. ಹೇಳಿದಳು. ಯಾವ ಬೀದಿ ಅಂದರು. ಅದನ್ನೂ ಹೇಳಿದಳು. ಗೌಡರು ಗಡಿಯಾರ ನೋಡಿ, ಹೊತ್ತಾಯಿತು ಅಂತ ಎದ್ದರು. ಬೆಲ್ಲದ ಪೆಟ್ಟಿಗೆಯೂ ಅವರ ಜೊತೆ ಹೋಯಿತು. ಅದಾದ ಮೇಲೂ ಏಳು ವರ್ಷ ಅವರ ಫೋನು ಬರುತ್ತಿತ್ತು, ನಂಬರು ಮಾತ್ರ ಹೇಳುತ್ತಿದ್ದರು. ದನಿ ಬೇಕು, ದನಿಯವಳು ಬೇಡ ಅನ್ನುವುದು ಅರುಂಧತಮ್ಮನಿಗೆ ಹೊಸ ತಂತ್ರಜ್ಞಾನವೇನೂ ಆಗಿರಲಿಲ್ಲ.

ಮನೆಗೆ ಬಂದು ವಿಡಿಯೋ ಕಂಪನಿಗೆ ದೂರು ಕೊಟ್ಟರು. ಅವರು ಹೇಳಿದ್ದನ್ನು ಮೇಷ್ಟ್ರು ಟೈಪ್ ಮಾಡಿದರು. ನಾಲ್ಕು ನಿಮಿಷಕ್ಕೆ ಉತ್ತರ ಬಂತು, ಪರಿಶೀಲಿಸಿದೆವು, ನಿಯಮದ ಉಲ್ಲಂಘನೆ ಕಂಡಿಲ್ಲ ಅಂತ. ನಾಲ್ಕು ನಿಮಿಷದಲ್ಲಿ ಓದಿದವರು ಯಾರು ಅಂತ ಅರುಂಧತಮ್ಮ ಮರುಪತ್ರ ಬರೆಸಿದರು. ಅದಕ್ಕೆ ಮೂರು ನಿಮಿಷದಲ್ಲಿ ಅದೇ ಉತ್ತರ ಬಂತು. ಪೊಲೀಸ್ ಠಾಣೆಗೂ ಹೋದರು. ಅಲ್ಲಿಯ ರೈಟರ್ ಮರ್ಯಾದೆಯಿಂದ ಕೂರಿಸಿ, ಕಳುವಾದ ವಸ್ತು ಯಾವುದು ಅಂತ ಕೇಳಿದ. ದನಿ ಅಂದರು. ಅವನು ಹಾಗೇ ಬರೆದುಕೊಂಡು ರಸೀದಿ ಕೊಟ್ಟ.

ಅದಾಗಿ ಒಂದು ವಾರಕ್ಕೆ ಕೊತ್ತತ್ತಿಯಿಂದ ಹೊಂಬಾಳಮ್ಮ ಅಂತ ಒಬ್ಬ ಹೆಂಗಸು ವಿಳಾಸ ಕೇಳಿಕೊಂಡು ಬಂದಳು. ಅರವತ್ತರ ಆಸುಪಾಸು, ಕೈಯಲ್ಲಿ ರೇಷನ್ ಕಾರ್ಡು. ಕಾರ್ಡಿಗೆ ಇ-ಕೆವೈಸಿ ಮಾಡಿಸಲು, ಅಂದರೆ ಅಂಗಡಿಗೆ ಹೋಗಿ ಬೆರಳೊತ್ತಿ ಬರಲು, ಕೊನೇ ದಿನ ಎರಡು ತಿಂಗಳು ಮುಂದಕ್ಕೆ ಹೋಗಿದೆ ಅಂತ ಅರುಂಧತಮ್ಮ ಯೂಟ್ಯೂಬಿನಲ್ಲಿ ಹೇಳಿದ್ದರಂತೆ. ರೇಷನ್ ಅಂಗಡಿಯ ಚಿಕ್ಕಮಾದು ಮಾತ್ರ, ಇಲ್ಲ, ಇನ್ನು ಎರಡೇ ದಿನ ಅನ್ನುತ್ತಾನಂತೆ. ‘ಯಾರದ್ದು ನಿಜ ಅಕ್ಕ? ನಿಮ್ಮನ್ನೇ ಕೇಳ್ಕಂಡು ಓಗಾನ ಅಂತ ಬಂದೆ’ ಅಂದಳು.

ಅರುಂಧತಮ್ಮ ಚಿಕ್ಕಮಾದುಗೆ ಫೋನ್ ಮಾಡಿಸಿದರು. ಎರಡೇ ದಿನ ಇದ್ದದ್ದು ನಿಜ. ಊರಿನಲ್ಲಿ ಇನ್ನೂ ನಲವತ್ತೊಂದು ಕಾರ್ಡು ಬಾಕಿ, ಕರೆದರೆ ಎಲ್ಲರೂ ಅಮ್ಮ ಹೇಳವ್ರೆ ಅಂತ ಸುಮ್ಮನೆ ಕೂತಿದ್ದಾರೆ ಅಂದ. ಅವನ ದನಿಯಲ್ಲಿ ಸಿಟ್ಟಿತ್ತು. ಆ ಸಿಟ್ಟು ತಮ್ಮ ಮೇಲೆ ಅಂತ ಅರುಂಧತಮ್ಮನಿಗೆ ಗೊತ್ತಾಯಿತು.

ಸೀರೆ ಬದಲಿಸಿ, ಕಪ್ಪು ಕನ್ನಡಕ ಹಾಕಿಕೊಂಡು, ಹೊಂಬಾಳಮ್ಮನ ಜೊತೆಯೇ ಹೊರಟು, ಮಂಡ್ಯದಲ್ಲಿ ಬಸ್ಸು ಬದಲಿಸಿ ಕೊತ್ತತ್ತಿಗೆ ಹೋದರು. ಚಿಕ್ಕಮಾದುವಿನ ಅಂಗಡಿಯ ಮುಂದೆ ಕುರ್ಚಿ ಹಾಕಿಸಿಕೊಂಡು ಕೂತು ಜನರನ್ನು ಕರೆಸಿದರು. ಬಂದವರು ಅವರನ್ನು ನಂಬಲಿಲ್ಲ. ಮೊನ್ನೆ ಒಂದು ಹೇಳಿ ಇವತ್ತು ಇನ್ನೊಂದು ಹೇಳಿದರೆ ಹೇಗೆ ಅಂತ ಒಬ್ಬರು, ಆ ಅಮ್ಮ ಇಷ್ಟು ಕುಳ್ಳಗಿಲ್ಲ ಅಂತ ಇನ್ನೊಬ್ಬರು. ಅದು ನಾನಲ್ಲ, ಮಿಷನ್ನು ಅಂದಾಗ ಇನ್ನೂ ಕೆಟ್ಟಿತು. ತಪ್ಪು ಹೇಳಿ ಈಗ ಮಿಷನ್ ಮೇಲೆ ಹಾಕುತ್ತಾರೆ ಅಂದರು. ಅರುಂಧತಮ್ಮ ವಾದ ನಿಲ್ಲಿಸಿ ಮನೆಮನೆಗೆ ನಡೆದರು, ಹೊಂಬಾಳಮ್ಮ ಮುಂದೆ ದಾರಿ ತೋರಿಸಿದಳು. ಒಂದು ಮನೆಯ ಜಗಲಿಯಲ್ಲಿ ಕೂರಿ ಅಂದರು, ಇನ್ನೊಂದರಲ್ಲಿ ಅನ್ನಲಿಲ್ಲ. ಕೂರುವುದಕ್ಕೆ ಪುರುಸೊತ್ತೂ ಇರಲಿಲ್ಲ.

ಎರಡನೇ ದಿನ ರಘುನಂದನ್‌ಗೆ ಫೋನ್ ಮಾಡಿ, ಒಂದು ಸುದ್ದಿ ಇದೆ ಬಾ ಅಂದರು. ಕ್ಯಾಮೆರಾ ಹಿಡಿದು ಬಂದವನು ಅಂಗಡಿಯ ಮುಂದಿನ ಸಾಲು ನೋಡಿ, ವಿಷಯ ಏನು ಅಂತ ಹೊಂಬಾಳಮ್ಮನನ್ನೇ ಕೇಳಿದ. ಅವಳಿಗೆ ಅವನು ಯಾರೆಂದು ಗೊತ್ತಿರಲಿಲ್ಲ.

‘ಈ ವಮ್ಮ ಅಂಗೆ ಯೇಳಿಲ್ವಂತೆ. ಇವರ ದನೀಲಿ ಇನ್ಯಾರೋ ಯೇಳವ್ರಂತೆ’ ಅಂದಳು. ‘ನಾವು ದನಿ ಕೇಳಿ ನಂಬ್ದೋ ಕಣಪ್ಪ. ನಮಗೆ ಇನ್ನೇನು ಗೊತ್ತಾಯ್ತದೆ?’

ರಘುನಂದನ್ ಕ್ಯಾಮೆರಾ ಕೆಳಗಿಳಿಸಿದ. ಆ ಕೊನೇ ದಿನದ ವಿಷಯ ಮಿಷನ್ನು ತಾನೇ ಸೇರಿಸಿತ್ತು, ನಾನು ಕೇಳಿಯೂ ನೋಡದೆ ಹಾಕಿಬಿಟ್ಟೆ ಅಂತ ಅರುಂಧತಮ್ಮನ ಹತ್ತಿರ ಬಂದು ಮೆಲ್ಲಗೆ ಹೇಳಿದ. ಅವರು ಆಯ್ತು, ಉತ್ತರದ ಬೀದಿಯಲ್ಲಿ ಇನ್ನೂ ಆರು ಮನೆ ಇದೆ, ನಿನ್ನ ಬೈಕಿನಲ್ಲಿ ಅವರನ್ನು ಕರೆದುಕೊಂಡು ಬಾ ಅಂದರು. ಅವನು ಸಂಜೆಯವರೆಗೂ ಓಡಾಡಿದ. ಕಳೆ ಕಿತ್ತು ಕಿತ್ತು ಸವೆದ ಬೆರಳುಗಳನ್ನು ಮಿಷನ್ನು ಮೂರು ಮೂರು ಸಲ ಬೇಡ ಅಂದು, ಒರೆಸಿ ಒತ್ತಿದ ಮೇಲೆ ಒಪ್ಪಿಕೊಂಡಿತು. ನಲವತ್ತೊಂದರಲ್ಲಿ ಮೂವತ್ತೆಂಟು ಕಾರ್ಡು ಮುಗಿದವು. ಉಳಿದ ಮೂರು ಮನೆಯವರು ಊರಲ್ಲಿರಲಿಲ್ಲ.

ಆ ರಾತ್ರಿಯೇ ರಘುನಂದನ್ ಮಿಷನ್ನಿನವನ್ನೆಲ್ಲ ಅಳಿಸಿದ. ತಿಂಗಳಾದ ಮೇಲೆ, ಮತ್ತೆ ಮಾತಾಡುತ್ತೀರಾ ಅಂತ ಕೇಳಲು ಮನೆಗೆ ಬಂದ. ಅರುಂಧತಮ್ಮ ಒಂದು ಹಾಳೆಯಲ್ಲಿ ಷರತ್ತು ಬರೆದಿಟ್ಟಿದ್ದರು. ಅರುಂಧತಿ ಹೇಳದ್ದನ್ನು ಅರುಂಧತಿಯ ದನಿಯಲ್ಲಿ ಹೇಳಿಸಬಾರದು. ಹೇಳಿದ್ದಕ್ಕೆ ಕತ್ತರಿ ಹಾಕುವ ಮುಂಚೆ ತೋರಿಸಬೇಕು. ಸಾಕು ಅಂದ ದಿನ ನಿಲ್ಲಿಸಬೇಕು. ಸತ್ತ ಮೇಲೂ ಇದೇ. ನಾಲ್ಕೇ ಸಾಲು. ಅವನು ಪೆನ್ನು ತೆಗೆದು ಸಹಿ ಮಾಡಲು ಹೋದ. ಓದು ಅಂದರು. ಓದಿದೆನಮ್ಮ ಅಂದ. ಗಟ್ಟಿಯಾಗಿ ಓದು ಅಂದರು. ಎರಡು ಸಲ ಓದಿಸಿ, ಸಹಿ ಹಾಕಿಸಿಕೊಂಡು, ಮೇಷ್ಟ್ರ ಕೈಲಿ ಸಾಕ್ಷಿ ಹಾಕಿಸಿ, ಕಾಫಿ ಕೊಟ್ಟರು.

ಮೊದಲ ಮಾತು ಈ ದನಿಯ ವಿಷಯವೇ. ಸರ್ಕಾರ ಇಂಥದ್ದಕ್ಕೆಲ್ಲ ನಿಯಮ ತರಲಿ, ಆದರೆ ಆ ನಿಯಮ ಮೂವತ್ತೇಳು ಪುಟ ಇರಬಾರದು, ಕೊತ್ತತ್ತಿಯ ಹೊಂಬಾಳಮ್ಮನಿಗೆ ಓದಿ ಹೇಳಿದರೆ ಅರ್ಥವಾಗುವ ಹಾಗಿರಬೇಕು ಅಂದರು. ಮಧ್ಯದಲ್ಲಿ ಎರಡು ಸಲ ಕೆಮ್ಮಿದರು. ಅದನ್ನು ರಘುನಂದನ್ ಹಾಗೇ ಬಿಟ್ಟ.

ನೋಡಿದವರು ಮೊದಲು ನೋಡುತ್ತಿದ್ದವರ ಕಾಲು ಭಾಗ. ಸಂಜೆ ಮೇಷ್ಟ್ರು ಕೆಳಗೆ ಬಂದ ಕಾಮೆಂಟುಗಳನ್ನು ಓದಿ ಹೇಳುತ್ತಿದ್ದರು. ಒಂದಕ್ಕೆ ಬಂದು ನಿಲ್ಲಿಸಿದರು. ಅರುಂಧತಮ್ಮ ಓದಿ ಅಂದರು. ಮಳವಳ್ಳಿಯ ಪುಟ್ಟರಾಜು ಅನ್ನುವವನು ಬರೆದಿದ್ದ, ‘ಇದು ಎಐ ಅಂತ ಗೊತ್ತಾಗುತ್ತೆ. ಮೊದಲಿನ ಅಮ್ಮನೇ ಚೆನ್ನಾಗಿ ಮಾತಾಡ್ತಿದ್ದರು.’

ಅರುಂಧತಮ್ಮ ಯೋಚಿಸಿ ಉತ್ತರ ಹೇಳಿದರು, ಮೇಷ್ಟ್ರು ಟೈಪ್ ಮಾಡಿದರು: ಭಾರತೀನಗರದ ಗ್ರಂಥಾಲಯ, ಬೆಳಿಗ್ಗೆ ಹತ್ತರಿಂದ ಹನ್ನೊಂದು, ಸೋಮವಾರ ರಜಾ, ಬಂದು ನೋಡಬಹುದು.

ಗುರುವಾರ ಪುಟ್ಟರಾಜು ನಿಜವಾಗಿಯೂ ಬಂದ. ಮಹದೇವುವಿನ ಪಕ್ಕದ ಬೆಂಚಿನಲ್ಲಿ ಕೂತು, ಹೊಸ ಸಿಮ್ ಕಾರ್ಡಿನ ನಿಯಮದ ಬಗ್ಗೆ ಅರುಂಧತಮ್ಮ ಇಪ್ಪತ್ತು ನಿಮಿಷ ಹೇಳಿದ್ದನ್ನು ಪೂರಾ ಕೇಳಿದ. ಎರಡು ಕಡೆ ತನಗೆ ಒಪ್ಪಿಗೆಯಿಲ್ಲ ಅಂದ. ಅವರು ಆ ಎರಡು ಯಾವುವು ಅಂತ ಕೇಳಿ, ಕನ್ನಡಕ ಹಾಕಿಕೊಂಡು, ಆ ಸುದ್ದಿಯನ್ನು ಮತ್ತೆ ಮೊದಲಿನಿಂದ ಓದಲು ಶುರುಮಾಡಿದರು.