ಸೊನ್ನೆ ಮೇಷ್ಟ್ರ ಅರವತ್ಮೂರು ಗೇಜುಗಳು

ಸೊನ್ನೆ ಮೇಷ್ಟ್ರಿಗೆ ದಾಕ್ಷಿಣ್ಯ ಇರಲಿಲ್ಲ. ಒತ್ತಡದ ಗೇಜು, ವೋಲ್ಟ್ ಮೀಟರುಗಳ ಸರಿತಪ್ಪು ನೋಡುವ ನಮ್ಮ ಕ್ಯಾಲಿಬ್ರೇಷನ್ ಪ್ರಯೋಗಾಲಯದಲ್ಲಿ ಮೂವತ್ತನಾಲ್ಕು ವರ್ಷ ದುಡಿದು ನಿವೃತ್ತರಾಗುತ್ತಿರುವ ಹಿರಿಯರ ಬಗ್ಗೆ ಇದನ್ನು ಮೊದಲ ಸಾಲಿಗೇ ಬರೆಯಬೇಕಾಯಿತು. ತಡಮಾಡಿದರೆ ಯಾಕೆ ತಡ ಎಂದು ಅವರೇ ಕೇಳುತ್ತಾರೆ.

ಯಾವ ಸಾಧನ ಬಂದರೂ ಅವರ ಮೊದಲ ಪ್ರಶ್ನೆ, "ಸೊನ್ನೆಗೆ ಬಂತಾ?" ಮುಳ್ಳು ಸೊನ್ನೆಗೆ ಮರಳದಿದ್ದರೆ ಕೆಂಪು ಚೀಟಿ. ಒಮ್ಮೆ ಮನೆ ಡಾಕ್ಟರು ಅವರ ರಕ್ತದೊತ್ತಡ ಹೆಚ್ಚಿದೆ ಎಂದರು. ಮೇಷ್ಟ್ರು ಆ ಉಪಕರಣವನ್ನೇ ಒಯ್ದು ಪರೀಕ್ಷಿಸಿ ಕೆಂಪು ಚೀಟಿ ಅಂಟಿಸಿ ಮರಳಿಸಿದರು. ಅಂದಿನಿಂದ ಡಾಕ್ಟರು ಅವರ ನಾಡಿಯನ್ನಷ್ಟೇ ಹಿಡಿದು ನೋಡಿ ಕಳಿಸುತ್ತಾರೆ.

ಕಲಿಸುವುದರಲ್ಲಿ ಮಾತ್ರ ಅವರದು ತಾಯಿಯ ತಾಳ್ಮೆ. ಹೊಸದಾಗಿ ಸೇರಿದ ತಂತ್ರಜ್ಞೆ ಪಕ್ಕದಿಂದ ಬಗ್ಗಿ ಗೇಜು ಓದಿದಾಗ, "ಎದುರಿಗೆ ನಿಂತು ನೋಡಮ್ಮ. ಓರೆಗಣ್ಣಲ್ಲಿ ನೋಡೋಕೆ ಮುಳ್ಳೇನು ನಿಮ್ಮತ್ತೆ ಅಲ್ಲ," ಎಂದರು. ಆಕೆ ಆಮೇಲೆಂದೂ ತಪ್ಪು ಓದಲಿಲ್ಲ.

ಕಳೆದ ವರ್ಷ ಮಗಳ ಹೆರಿಗೆಗೆಂದು ಅವರು ಎರಡು ವಾರ ರಜೆ ಹಾಕಿದರು. ನಿವೃತ್ತಿಯ ನಂತರವೂ ಎರಡು ವರ್ಷ ಮುಂದುವರಿಸುವ ಆದೇಶ ಆಗ ಮ್ಯಾನೇಜರ ಮೇಜಿನ ಮೇಲಿತ್ತು. ರಜೆಯ ಮೊದಲ ದಿನವೇ, ತನಿಖೆಯವರು ಬರುತ್ತಾರೆಂದು ಸ್ಟೋರಿನ ಅಣ್ಣ ಗೇಜುಗಳನ್ನು ಪರೀಕ್ಷಿಸುವ ಮೂಲ ತೂಕದ ಹಿತ್ತಾಳೆ ಬಿಲ್ಲೆಗಳನ್ನು ಮರಳು ಕಾಗದ ಹಾಕಿ ಉಜ್ಜಿದ್ದ. ಮೇಷ್ಟ್ರು ರಜೆ ಮುಗಿಸಿ ಬಂದಾಗ ಹೆಮ್ಮೆಯಿಂದ ತೋರಿಸಿದ.

"ನೋಡಿ ಸಾರ್, ಮುಖ ಕಾಣುತ್ತೆ."

"ಮುಖ ನೋಡೋಕೆ ಮನೇಲಿ ಕನ್ನಡಿ ಇದೆಯಪ್ಪ," ಎಂದ ಮೇಷ್ಟ್ರು ಬಿಲ್ಲೆಗಳನ್ನು ತೂಗಿದರು. ಉಜ್ಜಿದ್ದರಲ್ಲಿ ಹಿತ್ತಾಳೆಯೂ ಹೋಗಿತ್ತು. ಅವೇ ಬಿಲ್ಲೆಗಳಿಂದ ನೋಡಿದ ಅರವತ್ಮೂರು ಗೇಜುಗಳು ಆಗಲೇ ಹಸಿರು ಚೀಟಿ ಹೊತ್ತು ಊರೂರು ಸೇರಿದ್ದವು.

ಮ್ಯಾನೇಜರು ಬಾಗಿಲು ಮುಂದೆ ಮಾಡಿದರು. "ಬಿಲ್ಲೆ ಹಗುರಾದ್ರೆ ಗೇಜು ಕೂದಲೆಳೆ ಜಾಸ್ತಿ ತೋರಿಸುತ್ತೆ, ಅಷ್ಟೇ ತಾನೇ. ಯಾರೂ ಸಾಯಲ್ಲ. ನಿಮ್ಮ ಆದೇಶಕ್ಕೆ ನಾಳೆ ಸಹಿ ಆಗೋದಿದೆ ಸಾರ್."

"ಸಾಯೋರಿದ್ರೆ ಮಾತ್ರ ನಿಜ ಹೇಳ್ಬೇಕಾ?"

ಅಂದು ಸಂಜೆಯೊಳಗೆ ಮೇಷ್ಟ್ರು ಗೇಜು ಮರಳಿಸಿ ಎಂದು ಅವುಗಳ ಒಡೆಯರಿಗೆ ಅರವತ್ಮೂರು ಪತ್ರ ಬರೆದರು. ಕೆಲಸ ಹೋಯಿತೆಂದೇ ತಿಳಿದ ಸ್ಟೋರಿನ ಅಣ್ಣ ಲಕೋಟೆಗಳಿಗೆ ಗೋಂದು ಹಚ್ಚುತ್ತ ಒಂದನ್ನು ಕದ್ದು ಓದಿದ. ಅದರಲ್ಲಿ ಅವನ ಸುಳಿವೇ ಇರಲಿಲ್ಲ. "ಬಿಲ್ಲೆಗಳ ಪೆಟ್ಟಿಗೆಗೆ ಬೀಗ ಹಾಕದೆ ರಜೆ ಹೋದವನು ನಾನು, ತಪ್ಪು ನನ್ನದು," ಎಂದಿತ್ತು.

"ಸಾರ್, ಇದು..."

"ಗೋಂದು ಒಣಗುತ್ತೆ, ಬೇಗ ಹಚ್ಚಪ್ಪ."

ಪತ್ರ ಮೇಲಿನವರಿಗೂ ಮುಟ್ಟಿತು. ಆದೇಶಕ್ಕೆ ಸಹಿ ಬೀಳಲಿಲ್ಲ.

ನೂರು ವರ್ಷ ಬಾಳಿರೆಂದು ಹರಸುವುದು ವಾಡಿಕೆ. ದುಂಡು ಅಂಕಿ ಕಂಡರೆ ಮೇಷ್ಟ್ರಿಗೆ ಅನುಮಾನವಾದ್ದರಿಂದ, ಅವರು ನೂರಾ ಎರಡು ವರ್ಷ ನಾಲ್ಕು ತಿಂಗಳು ಬಾಳಲಿ, ಕಂಡವರ ಮೀಟರುಗಳನ್ನೆಲ್ಲ ತಿದ್ದುತ್ತಿರಲಿ. ಅರವತ್ಮೂರರಲ್ಲಿ ಅರವತ್ತೊಂದು ಗೇಜು ಮರಳಿ ಬಂದವು. ಹೋದದ್ದು ಎರಡು ಗೇಜು, ಒಂಬತ್ತು ಗ್ರಾಂ ಹಿತ್ತಾಳೆ, ಎರಡು ವರ್ಷದ ಸೇವೆ.