ಷರತ್ತು ಓದುವ ಅಮರ್ಯಾದೆ

ಎಂಬತ್ತರ ದಶಕದ ಕೊನೆಯಲ್ಲಿ ನಾನು ವಿಜಯವಾಡದಲ್ಲಿ ಬ್ಯಾಂಕೊಂದರ ಕಾನೂನು ಅಧಿಕಾರಿಯಾಗಿದ್ದೆ. ನಮ್ಮ ಕರಾರುಗಳನ್ನೆಲ್ಲ ಬರೆಯುತ್ತಿದ್ದ ವಕೀಲರ ಬಗ್ಗೆ ನನಗಿದ್ದ ತಾತ್ಸಾರ ಇವತ್ತಿಗೂ ಇಳಿದಿಲ್ಲ. ಬರೆಯುತ್ತಿದ್ದರು ಅನ್ನುವುದೂ ದೊಡ್ಡ ಮಾತೇ. ಕೊಂಡಪಲ್ಲಿಯ ಯಾವುದೋ ಗೋದಾಮಿನ ಹಳೆಯ ಬಾಡಿಗೆ ಕರಾರನ್ನು ಟೈಪಿಸ್ಟನ ಮುಂದೆ ಎಸೆದು, ಹೆಸರು ವಿಳಾಸ ಬದಲಿಸು ಎನ್ನುತ್ತಿದ್ದರು. ಹಾಗಾಗಿ ವಿಶಾಖಪಟ್ಟಣದ ದ್ವಾರಕಾ ನಗರದಲ್ಲಿದ್ದ ನಮ್ಮ ಶಾಖೆ, ಕರಾರಿನ ಪ್ರಕಾರ, ಅಂಗಳದಲ್ಲಿ ಮರದ ದಿಮ್ಮಿ ಪೇರಿಸುವಂತಿರಲಿಲ್ಲ! ಕೇಳಿದರೆ, "ಸ್ಟ್ಯಾಂಡರ್ಡ್ ಕ್ಲಾಜು ಸರ್, ಇರಲಿ ಬಿಡಿ" ಎನ್ನುವರು.

ಆ ಶಾಖೆ ಇದ್ದದ್ದು ನಿವೃತ್ತ ಮೇಷ್ಟರೊಬ್ಬರ ಮನೆಯ ಕೆಳಗಿನ ಅಂತಸ್ತಿನಲ್ಲಿ. ಮೇಲೆ ಅವರು ಮತ್ತು ಹೆಂಡತಿ. ಆಕೆಗೆ ಲಕ್ವ ಹೊಡೆದಿತ್ತು. ಮೆಟ್ಟಿಲು ಇಳಿಯಲಾಗದೆ ಬೇಸಗೆಯಿಡೀ ಕಾದ ತಾರಸಿಯ ಕೆಳಗೆ ಬಿದ್ದುಕೊಂಡಿದ್ದರು. ಕರಾರು ಮುಗಿಯಲು ತಿಂಗಳಷ್ಟೇ ಇತ್ತು. ಮುಗಿಯುತ್ತಲೇ ಕೆಳಗಿನ ಮನೆ ಬಿಟ್ಟುಕೊಡಿ ಎಂದು ಮೇಷ್ಟರು ಕೇಳಿದರು. ಇನ್ನೈದು ವರ್ಷ ಮುಂದುವರಿಯುವ ಹಕ್ಕು ಬ್ಯಾಂಕಿಗಿದೆ ಎಂದು ವಕೀಲರು ಅಪ್ಪಣೆ ಕೊಡಿಸಿದರು.

ನಾನು ಕೂತು ಓದಿದೆ. ಹಕ್ಕೇನೋ ಇತ್ತು, ಆದರೆ ಮೂರು ತಿಂಗಳು ಮೊದಲೇ ಮಾಲೀಕರಿಗೆ ಲಿಖಿತ ನೋಟಿಸು ಕೊಟ್ಟಿರಬೇಕಿತ್ತು. ಯಾರೂ ಕೊಟ್ಟಿರಲಿಲ್ಲ. ತಾವೇ ಹಾಕಿದ ಷರತ್ತನ್ನು ವಕೀಲರು ಮೊದಲ ಸಲ ಓದಿದ್ದು ಆಗಲೇ ಇರಬೇಕು. ನಾಚಿಕೆಯೂ ಆಗಲಿಲ್ಲ ಆ ಮಹಾನುಭಾವರಿಗೆ. ಹಿಂದಿನ ತಾರೀಖು ಹಾಕಿ ನೋಟಿಸೊಂದನ್ನು ಹುಟ್ಟಿಸಿ, ಆಗಲೇ ತಲುಪಿತ್ತೆಂದು ಮೇಷ್ಟರ ಸಹಿ ತರುತ್ತೇನೆಂದು ವಿಶಾಖಪಟ್ಟಣಕ್ಕೆ ಹೊರಟರು. ನಾನು ಆಗದು ಅಂದೆ. ಮೇಲಧಿಕಾರಿಗಳು ಕಿಟಕಿಯ ಕಡೆ ನೋಡಿದರು. ನಾನೂ ಬೆನ್ನು ಬಿಡದೆ ಅದೇ ರೈಲು ಹತ್ತಿದೆ.

ಮೇಷ್ಟರು ತಾವೇ ಕಾಫಿ ಮಾಡಿ ತಂದು, ಕಾಗದ ನೋಡದೆ ಪೆನ್ನು ತೆರೆದರು. ಮನೆಗೆ ಬಂದ ದೊಡ್ಡ ಮನುಷ್ಯರ ಎದುರಿಗೇ ಅವರು ತಂದದ್ದನ್ನು ಓದುವುದು ಅವರನ್ನು ಕಳ್ಳರೆಂದ ಹಾಗಂತೆ. ನಾನು ಕಾಗದದ ಮೇಲೆ ಕೈಯಿಟ್ಟು, ನನ್ನ ಹರಕು ತೆಲುಗಿನಲ್ಲಿ ಹೇಳಿದೆ: "ಮಾಸ್ಟಾರು, ದಯವಿಟ್ಟು ಓದಂಡಿ. ಸಹಿ ಹಾಕದಿದ್ದರೆ ಬ್ಯಾಂಕು ಖಾಲಿ ಮಾಡಲೇಬೇಕು. ಹಾಕಿದರೆ ಐದು ವರ್ಷ ಹೋಯಿತು."

ಓದಿದರು. ಅರ್ಥವಾಯಿತೆಂದು ಮುಖವೇ ಹೇಳುತ್ತಿತ್ತು.

"ಈ ನೋಟಿಸು ನನಗೆ ಬಂದೇ ಇಲ್ಲವಲ್ಲಂಡಿ" ಎಂದರು ಮೆಲ್ಲಗೆ.

"ವಿಜಯವಾಡದಿಂದ ಇಷ್ಟು ದೂರ ನಿಮಗೋಸ್ಕರವೇ ಬಂದೆ, ಮಾಸ್ಟಾರು" ಎಂದು ವಕೀಲರು ನಕ್ಕರು.

ಅಷ್ಟೇ ಸಾಕಾಯಿತು. ಮೇಷ್ಟರು ಸಹಿ ಹಾಕಿಬಿಟ್ಟರು. ಬಾಗಿಲಿಗೆ ಬಂದವರನ್ನು ಬರಿಗೈಯಲ್ಲಿ ಕಳಿಸುವುದು ಹೇಗೆಂದು ನನ್ನನ್ನೇ ಕೇಳಿದರು. ವಕೀಲರಿಗಿಂತ ಆ ಮರ್ಯಾದೆಯ ಮೇಲೆಯೇ ನನಗೆ ಹೆಚ್ಚು ಹೇಸಿಗೆಯಾಯಿತು.

ಒಳಗಿನ ಕೋಣೆಯಿಂದ ಮೇಷ್ಟರ ಹೆಂಡತಿ ತೊದಲುತ್ತಾ ಕೂಗಿದರು: "ಏಮಂಡಿ, ಮಂಚ ಕೆಳಗಿಳಿಸೋಕೆ ಯಾರಿಗೆ ಹೇಳಿದ್ದೀರಿ?"

ಮೇಷ್ಟರು ವಕೀಲರತ್ತ ಬಾಗಿ, ಇನ್ನರ್ಧ ಲೋಟ ಕಾಫಿ ತರಲೇ ಎಂದು ಕೇಳಿದರು.